ಕೊಡಗಿನಲ್ಲಿ ರೀಫ್ ಟ್ಯಾಂಕ್: ಕಾನೂನು ಮೀರದೆ ಯಾವ ಹವಳ ಇಡಬಹುದು, ನೀರಿಗೆ ಏನು ಮಾಡೋದು?

ಕಾಫಿಕಣಿವೆ (ಗೋಣಿಕೊಪ್ಪ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 3 ಅಡಿ ಉದ್ದ, 1.5 ಅಡಿ ಅಗಲ, 1.5 ಅಡಿ ಎತ್ತರದ ರೀಫ್ ಟ್ಯಾಂಕ್ (ಹವಳ ಬೆಳೆಸುವ ಉಪ್ಪುನೀರಿನ ಟ್ಯಾಂಕ್) ತಯಾರಿದೆ. ಕೆಳಗೆ 2 ಅಡಿಯ ಸಂಪ್ (ಹೀಟರ್, ಫಿಲ್ಟರ್ ಇಡುವ ತೊಟ್ಟಿ). ಕಲ್ಲಿನ ಜಾಗ ಕಳೆದರೆ ಒಟ್ಟು ನೀರು ಸುಮಾರು 190 ಲೀಟರ್ ಆಗುತ್ತದೆ. ಇನ್ನೂ ನೀರು ತುಂಬಿಸಿಲ್ಲ.

ವಾಟ್ಸ್ಆ್ಯಪ್ ಗುಂಪೊಂದರಲ್ಲಿ ಒಬ್ಬರು ಹ್ಯಾಮರ್ ಕೋರಲ್ ತುಂಡು ಮತ್ತು 10 ಕೆಜಿ ಲೈವ್ ರಾಕ್ (ನೀರಿನ ಕೊಳೆ ಕಳೆಯುವ ಬ್ಯಾಕ್ಟೀರಿಯಾ ಇರುವ ಸಮುದ್ರದ ಕಲ್ಲು) ಬಸ್ಸಿನಲ್ಲಿ ಕಳಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ಇಂಡೋನೇಷ್ಯಾದ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರ್ಮಿಟ್ ಇದೆ, ಅದೂ ಟ್ಯಾಂಕಿನಲ್ಲೇ ಬೆಳೆಸಿದ್ದು, ಹಾಗಾಗಿ ತೊಂದರೆ ಇಲ್ಲ ಅನ್ನುವುದು ಅವರ ಮಾತು. ಇದು ಸರಿಯೇ?

ನೀರಿಗೆ ತೋಟದ ಬಾವಿ ಇದೆ, ಮಳೆಗಾಲದಲ್ಲಿ ಮಾಡಿನ ನೀರೂ ಬೇಕಾದಷ್ಟು. ಜನವರಿ ಬೆಳಗಿನ ಹೊತ್ತು ಮನೆಯೊಳಗೇ 16 ಡಿಗ್ರಿಗೆ ಇಳಿಯುತ್ತದೆ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಎರಡು ದಿನ ಕರೆಂಟ್ ಇಲ್ಲದಿರುವುದೂ ಉಂಟು. ಇನ್ವರ್ಟರ್‌ಗೆ 150 ಎಎಚ್ ಬ್ಯಾಟರಿ ಒಂದಿದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಉಪ್ಪುನೀರು (ಮಂಗಳೂರು) ಉತ್ತರ:

ಮೊದಲು ಆ ಹ್ಯಾಮರ್ ಕೋರಲ್ ಬೇಡ ಅಂತ ಹೇಳಿಬಿಡಿ. ಉಳಿದದ್ದು ಆಮೇಲೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಶೆಡ್ಯೂಲಿಗೆ 2001ರಲ್ಲಿ ಹವಳಗಳನ್ನು ಸೇರಿಸಿದರು. ಅಲ್ಲಿರುವುದು ಒಂದೊಂದು ಜಾತಿಯ ಹೆಸರಲ್ಲ, ಗುಂಪಿಗೆ ಗುಂಪೇ: ಸ್ಕ್ಲೆರಾಕ್ಟೀನಿಯಾ, ಅಂದರೆ ಕಲ್ಲಿನ ಅಸ್ಥಿ ಕಟ್ಟುವ ಎಲ್ಲ ಗಟ್ಟಿ ಹವಳ. ಹ್ಯಾಮರ್, ಟಾರ್ಚ್, ಅಕ್ರೊಪೊರಾ, ಮೊಂಟಿಪೊರಾ, ಬ್ರೇನ್ ಎಲ್ಲವೂ ಅದರೊಳಗೇ ಬರುತ್ತವೆ. ಜೊತೆಗೆ ಕಪ್ಪು ಹವಳ, ಆರ್ಗನ್ ಪೈಪ್, ಫೈರ್ ಕೋರಲ್, ಸೀ ಫ್ಯಾನ್. ಇಂಡೋನೇಷ್ಯಾದಿಂದ ಬಂದರೂ ಅದು ಸ್ಕ್ಲೆರಾಕ್ಟೀನಿಯಾವೇ, ಟ್ಯಾಂಕಿನಲ್ಲಿ ಕತ್ತರಿಸಿ ಬೆಳೆಸಿದರೂ ಅದೇ. ಸೈಟಿಸ್ ಪರ್ಮಿಟ್ ಎಂಬುದು ಗಡಿ ದಾಟಿಸುವ ಕಾಗದ, ಇಲ್ಲಿ ಇಟ್ಟುಕೊಳ್ಳುವುದಕ್ಕೆ ಕೊಟ್ಟ ಅನುಮತಿಯಲ್ಲ. ಒಂದನೇ ಶೆಡ್ಯೂಲಿನ ಪ್ರಾಣಿಯ ವಿಷಯದಲ್ಲಿ ಶಿಕ್ಷೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. ಮಾರಿದವರಿಗೆ ಮಾತ್ರವಲ್ಲ, ಇಟ್ಟುಕೊಂಡವರಿಗೂ ಇದೇ.

ಲೈವ್ ರಾಕ್ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಸಮುದ್ರದಿಂದ ತೆಗೆದ ಆ ಕಲ್ಲು ಬಹುಪಾಲು ಸತ್ತ ಹವಳದ ಅಸ್ಥಿ. ಸತ್ತ ಮೇಲೂ ಅದು ಕಾಯ್ದೆಯ ಒಳಗೇ ಇರುತ್ತದೆ. ಅಂಗಡಿಗಳಲ್ಲಿ ಪ್ಯಾಕೆಟ್ ಮಾಡಿ ಕೊಡುವ ‘ಕೋರಲ್ ಚಿಪ್ಸ್’ ಕೂಡ ಅಷ್ಟೇ. ನೇತ್ರಾಣಿಗೆ ಡೈವಿಂಗ್ ಹೋದಾಗ ಹೆಕ್ಕಿಕೊಂಡ ಒಂದು ತುಂಡಿಗೂ ಬೇರೆ ನ್ಯಾಯ ಇಲ್ಲ. ಇದರ ಜೊತೆಗೆ ಸಮುದ್ರಕುದುರೆ, ಪೈಪ್‌ಫಿಶ್, ಸಮುದ್ರಸೌತೆ ಕೂಡ ಒಂದನೇ ಶೆಡ್ಯೂಲೇ. ಟ್ರೈಡಾಕ್ನಾ ಕ್ಲ್ಯಾಮ್ (ದೈತ್ಯ ಚಿಪ್ಪು) ಜಾತಿಗಳೆಲ್ಲ ಸೈಟಿಸ್ ಎರಡನೇ ಅನುಬಂಧದಲ್ಲಿವೆ, ಅವುಗಳ ಆಸೆಯನ್ನೂ ಬಿಡಿ.

ಹಾಗಾದರೆ ಉಳಿದದ್ದೇನು? ಬೇಕಾದಷ್ಟಿದೆ. ಮಶ್ರೂಮ್, ಜೋವಾಂಥಿಡ್, ಲೆದರ್ (ಸಾರ್ಕೊಫೈಟನ್, ಸಿನುಲೇರಿಯಾ), ಕ್ಸೀನಿಯಾ ಇವು ಸ್ಕ್ಲೆರಾಕ್ಟೀನಿಯಾ ಅಲ್ಲ. ಆದರೆ ಅವೂ ಸಮುದ್ರದಿಂದ ಕಿತ್ತದ್ದಾಗಿರಬಾರದು, ಇನ್ನೊಬ್ಬರ ಟ್ಯಾಂಕಿನಲ್ಲಿ ಕತ್ತರಿಸಿ ಬೆಳೆಸಿದ ತುಂಡನ್ನೇ ಕೇಳಿ. ಬಿಲ್ಲಿನಲ್ಲಿ ವೈಜ್ಞಾನಿಕ ಹೆಸರು ಬರೆಸಿ. ‘ಮಿಕ್ಸೆಡ್ ಕೋರಲ್’ ಅಂತ ಬರೆದ ಬಿಲ್ಲಿನಿಂದ ನಾಳೆ ಏನೂ ಸಾಬೀತಾಗುವುದಿಲ್ಲ. ಹೊರದೇಶದ ಮೀನಾದರೆ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್ ಮತ್ತು ಕ್ವಾರಂಟೈನ್ ದಾಟಿ ಬಂದಿರಬೇಕು, ಆ ಕಾಗದದ ಪ್ರತಿ ಕೇಳುವುದಕ್ಕೆ ಸಂಕೋಚ ಬೇಡ. ಕ್ಲೌನ್‌ಫಿಶ್‌ಗಂತೂ ಆಮದೇ ಬೇಕಿಲ್ಲ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಒಸೆಲ್ಲಾರಿಸ್, ಪರ್ಕುಲಾ ಜೊತೆಗೆ ಹಲವು ಡ್ಯಾಮ್ಸೆಲ್‌ಗಳನ್ನೂ ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನ ರೂಪಿಸಿದೆ. ಹ್ಯಾಚರಿ ಮರಿ ಮನೆಗೆ ಬಂದ ಮೊದಲ ದಿನದಿಂದಲೇ ಕಾಳಿನ ಆಹಾರ ತಿನ್ನುತ್ತದೆ, ಸಮುದ್ರದಲ್ಲಿ ಹಿಡಿದದ್ದು ಎಷ್ಟೋ ಸಲ ತಿನ್ನದೆಯೇ ಸಾಯುತ್ತದೆ. ಕ್ಲೌನ್‌ಫಿಶ್‌ಗೆ ಅನಿಮೋನ್ (ಅದು ಸಮುದ್ರದಲ್ಲಿ ಆಸರೆ ಪಡೆಯುವ ಹೂವಿನಂಥ ಜೀವಿ) ಕೂಡ ಬೇಡ, ಎಷ್ಟೋ ಸಲ ಲೆದರ್ ಹವಳದ ಮಡಿಲಲ್ಲೇ ಮಲಗುತ್ತದೆ.

ಒಂದು ಎಚ್ಚರಿಕೆ: ಜೋವಾಂಥಿಡ್, ಮುಖ್ಯವಾಗಿ ಪಾಲಿಥೋವಾ ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅವು ಅಂಟಿದ ಕಲ್ಲನ್ನು ಯಾವ ಕಾರಣಕ್ಕೂ ಕುದಿಯುವ ನೀರಿಗೆ ಹಾಕಬೇಡಿ, ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಮಕ್ಕಳಿರುವ ಮನೆಗೆ ಮಶ್ರೂಮ್, ಲೆದರ್ ಎರಡೇ ಸಾಕು.

ಮಾಡಿನನೀರು (ಮಡಿಕೇರಿ) ಉತ್ತರ:

ಮೇಲಿನವರು ಹೇಳಿದ್ದಕ್ಕೆ ಸೇರಿಸುವುದೇನಿಲ್ಲ. ನೀರಿನ ವಿಷಯ ನಾನು ಹೇಳುತ್ತೇನೆ. ಕೊಡಗಿನಲ್ಲಿ ಟ್ಯಾಂಕಿಗೆ ದೊಡ್ಡ ಶತ್ರು ಚಳಿ ಅಲ್ಲ, ಮೈಲುತುತ್ತ (ಕಾಪರ್ ಸಲ್ಫೇಟ್).

ಕಾಳುಮೆಣಸಿಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ. ಅದರ ಕಾಲು ಭಾಗ ತಾಮ್ರ. ಲೀಟರಿಗೆ ಎರಡೂವರೆ ಗ್ರಾಂ ಆಯಿತು. ಒಂದು ದೊಡ್ಡ ಚಮಚ, ಅಂದರೆ 15 ಮಿಲಿ, ನಿಮ್ಮ 190 ಲೀಟರಿಗೆ ಸೇರಿ ಪೂರ್ತಿ ಕರಗಿದರೆ 0.2 ಪಿಪಿಎಂ (ಲೀಟರಿಗೆ 0.2 ಮಿಲಿಗ್ರಾಂ). ಮೀನಿನ ಬಿಳಿಚುಕ್ಕೆ ರೋಗಕ್ಕೆ ಬೇರೆ ತೊಟ್ಟಿಯಲ್ಲಿ ತಾಮ್ರದ ಔಷಧಿ ಕೊಡುವ ಪ್ರಮಾಣವೇ ಅದು. ಮೀನು ತಡೆದುಕೊಳ್ಳುತ್ತದೆ, ಸೀಗಡಿ, ಬಸವನಹುಳು, ಹವಳ ತಡೆಯುವುದಿಲ್ಲ. ಹಾಗಾಗಿ ದ್ರಾವಣ ಕಲಸಿದ ಬಕೆಟ್, ಡ್ರಮ್, ಹಳೇ ಪೈಪ್ ಯಾವುದನ್ನೂ ಟ್ಯಾಂಕಿನ ಹತ್ತಿರ ತರಬೇಡಿ. ತೊಳೆದರೂ ಬೇಡ, ಪ್ಲಾಸ್ಟಿಕ್ಕಿನ ಗೀರಿನೊಳಗೆ ಆ ನೀಲಿ ಹುಡಿ ಕೂತೇ ಇರುತ್ತದೆ. ಸ್ಪ್ರೇ ಮಾಡಿ ಬಂದವರು ಸೋಪು ಹಾಕಿ ಮೊಣಕೈವರೆಗೆ ತೊಳೆಯದೆ ಟ್ಯಾಂಕಿಗೆ ಕೈ ಹಾಕಬಾರದು.

ಮಾಡಿನ ನೀರು ಹಿಡಿಯುವುದಾದರೆ ಮುಂಗಾರಿಗೆ ಮುಂಚಿನ ಸ್ಪ್ರೇ ಮುಗಿದು, ಒಂದೆರಡು ವಾರ ಜೋರು ಮಳೆ ಹೊಡೆದ ಮೇಲೆ ಹಿಡಿಯಿರಿ. ನಡುವೆ ಎರಡನೇ ಸ್ಪ್ರೇ ಆದರೆ ಮತ್ತೆ ನಿಲ್ಲಿಸಿ. ಹಂಚಿನ ಮಾಡಾದರೆ ಒಳ್ಳೆಯದು. ಸತುವಿನ ಶೀಟಿನ ನೀರು ಬೇಡ, ಸತುವೂ ಹವಳಕ್ಕೆ ವಿಷವೇ. ಟಿಡಿಎಸ್ ಮೀಟರ್ 10 ತೋರಿಸಿತು ಅಂತ ನಂಬಿ ಕೂರಬೇಡಿ. ಮೀಟರ್ ಒಟ್ಟು ಲವಣ ಹೇಳುತ್ತದೆ, ಅದರಲ್ಲಿ ತಾಮ್ರ ಎಷ್ಟು ಅಂತ ಹೇಳುವುದಿಲ್ಲ. ಮಳೆನೀರನ್ನೂ ಕಾರ್ಬನ್ ಮತ್ತು ಡಿಐ ರೆಸಿನ್ (ಉಳಿದ ಲವಣ ಹಿಡಿದಿಡುವ ಹರಳು) ದಾಟಿಸಿ, ಟಿಡಿಎಸ್ ಸೊನ್ನೆಗೆ ತಂದೇ ಬಳಸಿ.

ಬಾವಿ ನೀರಾದರೆ ಆರ್‌ಒ (ಒತ್ತಡದಲ್ಲಿ ಮೆಂಬ್ರೇನ್ ದಾಟಿಸಿ ಶೋಧಿಸುವುದು), ಡಿಐ ಎರಡೂ ಬೇಕು. ತಾರಸಿ ಟ್ಯಾಂಕಿನಿಂದ 3 ಮೀಟರ್ ಕೆಳಗೆ ಬರುವ ನೀರಿನ ಒತ್ತಡ ಬರೀ 0.3 ಬಾರ್. ಮೆಂಬ್ರೇನಿಗೆ 4 ಬಾರ್ ಆದರೂ ಬೇಕು, ಬೂಸ್ಟರ್ ಪಂಪ್ ಹಾಕಲೇಬೇಕು. ನೀರು ತಣ್ಣಗಿದ್ದಷ್ಟೂ ಶೋಧನೆ ನಿಧಾನ. 25 ಡಿಗ್ರಿಯಲ್ಲಿ ದಿನಕ್ಕೆ 280 ಲೀಟರ್ ಕೊಡುವ ಮೆಂಬ್ರೇನ್ 18 ಡಿಗ್ರಿಯಲ್ಲಿ ಐದನೇ ಒಂದು ಪಾಲು ಕಡಿಮೆ ಕೊಡುತ್ತದೆ, ಕೆಟ್ಟಿದೆ ಅಂದುಕೊಂಡು ಬದಲಾಯಿಸಬೇಡಿ. ಇನ್ನು ಅಡುಗೆಮನೆಯ ವಾಟರ್ ಪ್ಯೂರಿಫೈಯರ್ ಬಳಸುವ ಯೋಚನೆ ಇದ್ದರೆ ಅದರ ಹೊರಡಬ್ಬಿ ನೋಡಿ. ಈಗಿನ ಎಷ್ಟೋ ಮಾದರಿಗಳಲ್ಲಿ ಕುಡಿಯುವವರ ಆರೋಗ್ಯಕ್ಕೆಂದು ತಾಮ್ರ ಸೇರಿಸುವ ಕಾರ್ಟ್ರಿಜ್ ಇರುತ್ತದೆ.

ಉಪ್ಪು: ರೀಫ್ ಉಪ್ಪು ಲೀಟರಿಗೆ 37–38 ಗ್ರಾಂ ಹಾಕಿ, 35 ಪಿಪಿಟಿಗೆ (ಸಾವಿರಕ್ಕೆ 35 ಪಾಲು ಉಪ್ಪು) ತನ್ನಿ. ಮೊದಲು ನೀರು, ಪಂಪ್ ಓಡುತ್ತಿರುವಾಗ ಸ್ವಲ್ಪ ಸ್ವಲ್ಪ ಉಪ್ಪು. ತಲೆಕೆಳಗು ಮಾಡಿದರೆ ಕ್ಯಾಲ್ಸಿಯಂ ಸುಣ್ಣದ ಪುಡಿಯಾಗಿ ತಳ ಸೇರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ತೆರೆದ ಚೀಲದ ಉಪ್ಪು ವಾರದಲ್ಲಿ ಕಲ್ಲಾಗುತ್ತದೆ. ಆ ಗಡ್ಡೆಯನ್ನು ಒಡೆದು ಹಾಕಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಎಷ್ಟು ಹೊತ್ತು ಪಂಪ್ ಓಡಿಸಿದರೂ ತಿಳಿಯಾಗುವುದಿಲ್ಲ, ಆಲ್ಕಲಿನಿಟಿ (ಪಿಎಚ್ ಕಾಯುವ ಶಕ್ತಿ) ಅಳೆದರೆ ಕಡಿಮೆ ಬರುತ್ತದೆ. ತಂದ ದಿನವೇ ರಬ್ಬರ್ ವಾಷರ್ ಇರುವ ಡ್ರಮ್ಮಿಗೆ ತುಂಬಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ ದ್ರಾವಣದಲ್ಲೇ ಹೊಂದಿಸಿ, ಬರೀ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು.

ಕಾಫಿಕಣಿವೆ:

ತುಂಬಾ ಉಪಕಾರ. ಹ್ಯಾಮರ್, ಲೈವ್ ರಾಕ್ ಎರಡೂ ಬೇಡ ಅಂದಿದ್ದೇನೆ. ಲೈವ್ ರಾಕ್ ಇಲ್ಲದೆ ಬ್ಯಾಕ್ಟೀರಿಯಾ ಎಲ್ಲಿಂದ? ಮನೆಯ ಮುರಕಲ್ಲು ಹಾಕಬಹುದೇ?

ಉಪ್ಪುನೀರು (ಮಂಗಳೂರು):

ಮುರಕಲ್ಲು ಬೇಡ, ಅದರ ತುಂಬ ಕಬ್ಬಿಣ. ಸೆರಾಮಿಕ್ ಕಲ್ಲು ಸಿಗುತ್ತದೆ, ಇಲ್ಲವಾದರೆ ನೀವೇ ಎರಕ ಹೊಯ್ಯಿರಿ: ಸಿಮೆಂಟ್ 1 ಪಾಲು, ಕೋಳಿ ಆಹಾರಕ್ಕೆ ಮಾರುವ ಕಪ್ಪೆಚಿಪ್ಪಿನ ನುಚ್ಚು 3 ಪಾಲು, ಹರಳುಪ್ಪು 2 ಪಾಲು. ಉಪ್ಪು ಕರಗಿ ಹೋದ ಕಡೆ ತೂತು ಉಳಿಯುತ್ತದೆ. ಉದುರುದುರಾಗಿ ಕಲಸಿ, ಒದ್ದೆ ಮರಳಿನ ಗುಂಡಿಯಲ್ಲಿ ಹೊಯ್ದು ಎರಡು ದಿನ ಬಿಡಿ. ಆಮೇಲೆ ತೊಟ್ಟಿಯಲ್ಲಿ ಮುಳುಗಿಸಿ ವಾರಕ್ಕೊಮ್ಮೆ ನೀರು ಬದಲಿಸಿ. ಸಿಮೆಂಟಿನಿಂದ ಪಿಎಚ್ ಮೊದಲಿಗೆ 11 ದಾಟುತ್ತದೆ. ಒಂದು ದಿನ ನಿಂತ ನೀರಿನ ಪಿಎಚ್ 8.5ಕ್ಕಿಂತ ಕೆಳಗೆ ನಿಂತ ಮೇಲಷ್ಟೇ ಬಳಸಬೇಕು. ಆರರಿಂದ ಎಂಟು ವಾರ ಹಿಡಿಯುತ್ತದೆ.

ಟ್ಯಾಂಕ್ ತುಂಬಿಸಿ 25–26 ಡಿಗ್ರಿ ಮಾಡಿ, ಬಾಟಲಿ ಬ್ಯಾಕ್ಟೀರಿಯಾ ಜೊತೆಗೆ 1.2 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿ. ನಿಮ್ಮ ನೀರಿಗೆ ಅದು 2 ಪಿಪಿಎಂ ಅಮೋನಿಯ. 24 ಗಂಟೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಮೀನು ಬೇಡ. ಹೀಟರ್ ಇಲ್ಲದ ತಣ್ಣೀರಲ್ಲಿ ಇದು ತಿಂಗಳುಗಟ್ಟಲೆ ಎಳೆಯುತ್ತದೆ.

ಗಾಳಿಮಳೆ (ಸೋಮವಾರಪೇಟೆ) ಉತ್ತರ:

ಕರೆಂಟಿನ ಲೆಕ್ಕ ನೋಡಿ. 150 ಎಎಚ್ ಬ್ಯಾಟರಿಯಿಂದ ನಂಬಿಕೆಯಿಂದ ಸಿಗುವುದು ಸುಮಾರು 850 ವ್ಯಾಟ್-ಅವರ್. 300 ವ್ಯಾಟ್ ಹೀಟರ್ ಹಾಕಿದರೆ ಮೂರು ಗಂಟೆಗೆ ಖಾಲಿ. 10 ವ್ಯಾಟ್ ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ತಿರುಗಿಸುವ ಪಂಪ್) ಮತ್ತು 5 ವ್ಯಾಟ್ ಏರ್ ಪಂಪ್ ಮಾತ್ರ ಆದರೆ, ಇನ್ವರ್ಟರ್ ತನಗೇ ತಿನ್ನುವುದನ್ನು ಸೇರಿಸಿಯೂ, ಒಂದು ದಿನ ದಾಟುತ್ತದೆ. ಎರಡು ದಿನಕ್ಕೆ 12 ವೋಲ್ಟ್ ವೇವ್‌ಮೇಕರನ್ನು ನೇರ ಬ್ಯಾಟರಿಗೆ ಕೊಡಿ. ಮೊದಲು ಉಳಿಸಬೇಕಾದ್ದು ಉಸಿರು: ನಮ್ಮ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಹಿಡಿಯುವ ಆಮ್ಲಜನಕ ಕರಾವಳಿಗಿಂತ ಹತ್ತನೇ ಒಂದು ಪಾಲು ಕಡಿಮೆ. ವೇವ್‌ಮೇಕರಿನ ಮುಖ ಮೇಲಕ್ಕೆ ತಿರುಗಿಸಿ ನೀರಿನ ಮೈ ಕದಲುವಂತೆ ಮಾಡಿ.

ಬಿಸಿಗೆ: ಮೂರು ಬದಿಗೂ ಒಂದು ಇಂಚಿನ ಥರ್ಮೊಕೋಲ್, ಮೇಲೆ ಮುಚ್ಚಳ. ಗ್ಯಾಸಿನಲ್ಲಿ ನೀರು 70 ಡಿಗ್ರಿಗೆ ಕಾಯಿಸಿ, ಒಂದೂವರೆ ಲೀಟರಿನ ಗಟ್ಟಿ ಮುಚ್ಚಳದ ಬಾಟಲಿಯಲ್ಲಿ ತುಂಬಿ ಸಂಪಿನಲ್ಲಿ ತೇಲಿಬಿಡಿ. ಒಂದು ಬಾಟಲಿ ಪೂರ್ತಿ ತಣಿದರೆ 190 ಲೀಟರ್ ಡಿಗ್ರಿಯ ಮೂರನೇ ಒಂದು ಪಾಲು ಏರುತ್ತದೆ. ಸಂಪಿನಿಂದ ನೀರು ಮೇಲೆತ್ತುವ ರಿಟರ್ನ್ ಪಂಪ್ ನಿಂತಿದ್ದರೆ ಸಂಪಿನಲ್ಲಿ ಬೇಡ, ಮೇಲಿನ ಟ್ಯಾಂಕಿನಲ್ಲೇ ಬಿಡಿ. 22 ಡಿಗ್ರಿವರೆಗೆ ನಿಧಾನಕ್ಕೆ ಇಳಿದರೆ ಗಾಬರಿ ಬೇಡ. ಹೀಟರ್ 300 ವ್ಯಾಟಿನ ಒಂದಕ್ಕಿಂತ 150ರ ಎರಡು ಇಡಿ, ಒಂದು ಆನ್ ಆಗಿಯೇ ಸಿಕ್ಕಿಹಾಕಿಕೊಂಡರೂ ಟ್ಯಾಂಕ್ ಬೆಂದುಹೋಗುವುದಿಲ್ಲ.

ಬಾಗಿಲು ಕಿಟಕಿ ಮುಚ್ಚಿ ಹಂಡೆ ಒಲೆ ಉರಿಯುವ ಮನೆಯಲ್ಲಿ ಪಿಎಚ್ 7.8ಕ್ಕೆ ಇಳಿಯುವುದುಂಟು. ಅದಕ್ಕೆ ಬಫರ್ (ಪಿಎಚ್ ಏರಿಸುವ ಪುಡಿ) ಸುರಿಯಬೇಡಿ, ಕಾರಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್. ಸ್ಕಿಮ್ಮರಿನ (ಗುಳ್ಳೆಯಿಂದ ಕೊಳೆ ತೆಗೆಯುವ ಸಾಧನ) ಗಾಳಿ ಪೈಪನ್ನು ಹೊರಗೆ ಬಿಡಿ, ತೋಟದಲ್ಲಿ ಸ್ಪ್ರೇ ಇರುವ ದಿನ ಮಾತ್ರ ಒಳಗೆ ಎಳೆದುಕೊಳ್ಳಿ.

ಮಂಗಳೂರು ಕಡೆಯಿಂದ ಮೀನು ತರಿಸುವಾಗ ಚೀಲಕ್ಕೆ ಆಮ್ಲಜನಕ ಬಿಗಿಯಾಗಿ ತುಂಬಬೇಡಿ ಅಂತ ಹೇಳಿ. ಘಾಟಿ ಹತ್ತಿದ ಹಾಗೆ ಅದು ಉಬ್ಬಿ ಗಂಟಿನ ಹತ್ತಿರ ಬಿರಿಯುತ್ತದೆ. ಮನೆಗೆ ಬಂದ ಮೇಲೆ ಮುಚ್ಚಿದ ಚೀಲವನ್ನೇ ಅರ್ಧ ಗಂಟೆ ತೇಲಿಸಿ, ಬಿಚ್ಚಿದ ಮೇಲೆ ತಡ ಮಾಡಬೇಡಿ. ಬಿಚ್ಚಿದೊಡನೆ ಚೀಲದ ನೀರಿನ ಪಿಎಚ್ ಏರುತ್ತದೆ, ಒಳಗಿದ್ದ ಅಮೋನಿಯ ವಿಷವಾಗುತ್ತದೆ.

ಕಾಫಿಕಣಿವೆ:

ವಾರಕ್ಕೆ 20 ಲೀಟರ್ ಬದಲಿಸಿದರೆ ಆ ಹಳೇ ನೀರನ್ನು ತೋಟಕ್ಕೆ ಬಿಡಬಹುದೇ?

ಮಾಡಿನನೀರು (ಮಡಿಕೇರಿ):

ಬಿಡಬೇಡಿ. 20 ಲೀಟರಿನಲ್ಲಿ 700 ಗ್ರಾಂ ಉಪ್ಪಿದೆ, ಒಂದೇ ಕಡೆ ನಾಲ್ಕು ವಾರ ಸುರಿದರೆ ಕಾಫಿ ಗಿಡದ ಎಲೆ ಅಂಚಿನಿಂದ ಸುಡುತ್ತಾ ಬರುತ್ತದೆ. ತೋಡಿಗೂ ಬೇಡ. ಬಚ್ಚಲಿನ ಮೋರಿಗೆ ಹೋಗಲಿ, ಬಾವಿಯಿಂದ ದೂರ ಇರುವ ಕಡೆಗೆ.