ಸಹಾಯ ಬೇಕು: ಕಾರಿನ ಆಟೋ ಎಸಿ ಬಿಸಿಗಾಳಿ ಹೊಡಿಯಾಕತ್ತೇತಿ, ಒಳಗಿನ ಸೆನ್ಸರ್ ಹೋಗಿರಬೌದಾ?

ನಮಸ್ಕಾರ್ರೀ ಎಲ್ಲಾರಿಗೂ, ಬಾಗಲಕೋಟಿ ನವನಗರದಿಂದ ಬರಿಯಾಕತ್ತೇನಿ. ನಮ್ಮ ಕಾರಿನ ಕ್ಲೈಮೇಟ್ ಕಂಟ್ರೋಲ್ ಆಟೋದಾಗ 24ಕ್ಕ ಇಟ್ರ ಈ ಸುಡು ಬಿಸಲಾಗೂ ಬಿಸಿಗಾಳಿನೇ ಬರತೈತಿ, ಅದನ್ನ ಪೂರ್ತಿ 'LO'ಕ್ಕ (ಎಲ್ಲಾಕ್ಕಿಂತ ಕಮ್ಮಿಗೆ) ಇಳಿಸಿದ್ರ ಮಾತ್ರ ಮಸ್ತ್ ತಣ್ಣಗ ಆಗತೈತಿ, ಅಂದ್ರ ಗ್ಯಾಸು, ಕಂಪ್ರೆಸರ್ ಬರೋಬ್ಬರಿ ಅದಾವು ಅಂತ ನನ್ನ ಲೆಕ್ಕ. ಗ್ಯಾರೇಜಿನವ್ರು ಗ್ಯಾಸ್ ತುಂಬ್ಸ್ರಿ ಅಂತಾರ (ಅವರಿಗೆ ಎಲ್ಲಾದಕ್ಕೂ ಗ್ಯಾಸೇ ಔಷಧ).

ಡ್ಯಾಶ್‌ಬೋರ್ಡಿನ ಸಣ್ಣ ಜಾಳಗಿ ಹಿಂದ ಇರೋ ಸೆನ್ಸರ್ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಗೆ ತಕ್ಕಂಗ ರೆಸಿಸ್ಟೆನ್ಸ್ ಬದಲಾಗೋದು) ಅಲ್ಲೇನ್ರೀ, ಬಿಸಿ ಏರಿದಂಗ ಓಮ್ಸ್ (ಅಂದ್ರ ರೆಸಿಸ್ಟೆನ್ಸ್) ಇಳೀಬೇಕು, ವೈರ್ ಕಟ್ಟಾಗಿದ್ರ ಇಲ್ಲಾ ಕನೆಕ್ಟರ್ ಸಡಲಾಗಿದ್ರ ರೆಸಿಸ್ಟೆನ್ಸ್ ಭಾಳ ತೋರಿಸಿ, ಒಳಗ ಥಂಡಿ ಐತಿ ಅಂತ ಎಸಿ ತಿಳ್ಕೊಂಡು, ಗಾಳಿ ತಿರಗಸೋ ಫ್ಲಾಪ್ ಹೀಟರ್ ಕಡೆ ತಿರಗತೈತೋ ಏನೋ ಅಂತ ಸಂಶೆ. ಮತ್ತ ಜಾಳಗಿ ತುಂಬ ಧೂಳ ಐತಿ, ಅದರ ಮುಂದ ಟಿಶ್ಯೂ ಪೇಪರ್ ಹಿಡದ್ರ ಎಳ್ಕೊಳವಲ್ದು, ಸೆನ್ಸರ್ ಮ್ಯಾಲೆ ಗಾಳಿ ಎಳಿಯೋ ಪೈಪು ಬಿಚ್ಚಿರಬೌದೇನು?

ಮಲ್ಟಿಮೀಟರ್ ನನ್ನ ಹತ್ರ ಐತಿ. ಸೆನ್ಸರ್ ಬಿಚ್ಚಿ, ಹೇರ್ ಡ್ರೈಯರ್ ಹಿಡದು ಓಮ್ಸ್ ನೋಡಿದ್ರ ಸಾಕೇನ್ರಿ, ಇಲ್ಲಾ ಕಾರಿನ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಚ್ಚಿ ಲೈವ್ ಡೇಟಾದಾಗ ಕ್ಯಾಬಿನ್ ಟೆಂಪರೇಚರ್ ನೋಡಬೇಕ? ಇಳಕಲ್, ಬಾಗಲಕೋಟಿ ಕಡೆ ಸ್ಕ್ಯಾನರ್ ಇಟ್ಟಾವ್ರು ಯಾರರ ಇದ್ರ ಹೇಳ್ರಿ.