ಹಳೆ ಓಮ್ನಿಯ ಸ್ಲೈಡಿಂಗ್ ಗಾಜು ಗಡಗಡ ಅನ್ನುತ್ತಿದೆ, ಏನು ಮಾಡಲಿ?

ನೀರ್ಚಾಲು_ಓಮ್ನಿ:
1991ರ ಓಮ್ನಿ, ಅಪ್ಪ ತೆಗೆದದ್ದು. ಇದನ್ನು ಕ್ಲಾಸಿಕ್ ಅಂದರೆ ನಗಬೇಡಿ. ಅಡಿಕೆ ಗೋಣಿ, ಮದುವೆ ಮನೆಯ ಪಾತ್ರೆ, ಅರ್ಧರಾತ್ರಿಯ ಆಸ್ಪತ್ರೆ ಓಟ, ಎಲ್ಲ ಕಂಡ ಗಾಡಿ. ಈಗ ಎಡಬದಿಯ ಸ್ಲೈಡಿಂಗ್ ಬಾಗಿಲಿನ ಗಾಜು ಅಲುಗುತ್ತಿದೆ. ಕುಂಬಳೆಗೆ ಇಳಿಯುವಷ್ಟರಲ್ಲಿ ತಲೆ ಚಿಟ್ಟು ಹಿಡಿಯುತ್ತದೆ. ಗಾಜನ್ನು ಕೈಯಿಂದ ಒತ್ತಿ ಹಿಡಿದರೆ ಸದ್ದು ಕಡಿಮೆ. ಕಳೆದ ತಿಂಗಳು ಫೆಲ್ಟಿಗೆ, ಅಂದರೆ ಗಾಜು ಜಾರುವ ಚಾನೆಲ್ಲಿನೊಳಗಿನ ಮೆತ್ತನೆ ಪಟ್ಟಿಗೆ, ತೆಂಗಿನೆಣ್ಣೆ ಬಿಟ್ಟೆ. ನಾಲ್ಕು ದಿನ ಸ್ವರ್ಗ. ಈಗ ಮೊದಲಿಗಿಂತ ಜೋರು, ಗಾಜೂ ಸರಿಯಾಗಿ ಜಾರುವುದಿಲ್ಲ. ಸಿಲಿಕೋನ್ ಹಾಕಿ ಗಾಜನ್ನು ಅಂಟಿಸಿಬಿಡಿ ಎಂದರು ಒಬ್ಬರು. ಅಷ್ಟೇನಾ ದಾರಿ?

ಉಪ್ಪಳದ_ಹಳಬ:
ತೆಂಗಿನೆಣ್ಣೆಯಾ ಮಾರಾಯ್ರೇ! ಎಣ್ಣೆ ಕುಡಿದ ಫೆಲ್ಟಿನ ಮೇಲೆ ನಮ್ಮ ಕೆಂಪು ಧೂಳು ಕೂತರೆ ಅದು ಉಪ್ಪುಕಾಗದವೇ. ಗಾಜಿನ ಅಂಚಿನ ಹತ್ತಿರ ನೋಡಿ, ಗೀರು ಬಿದ್ದಿರುತ್ತದೆ. ಗ್ರೀಸ್ ಕೂಡ ಬೇಡ.

ಅಂಟಿಸಲೂ ಬೇಡಿ. ಹಿಂದೆ ಕೂತವರಿಗೆ ಗಾಳಿ ಬೇಕಲ್ಲ. ಮೊದಲು ಸದ್ದು ಎಲ್ಲಿಂದ ಅಂತ ಹಿಡಿಯಿರಿ. ಎರಡು ಗಾಜು ಸೇರುವ ಕಡೆ ಮತ್ತು ಚೌಕಟ್ಟಿನ ಸುತ್ತ ಪೇಂಟರ್‌ಗಳ ಮಾಸ್ಕಿಂಗ್ ಟೇಪ್ ಬಿಗಿಯಾಗಿ ಹಚ್ಚಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿ. ಸದ್ದು ನಿಂತರೆ ಗಾಜು. ಅರ್ಧ ಮಾತ್ರ ಕಡಿಮೆಯಾದರೆ ಉಳಿದರ್ಧ ಬಾಗಿಲಿನದ್ದು: ಬಾಗಿಲು ಜಾರುವ ಪುಟ್ಟ ಗಾಲಿ, ಅಂದರೆ ರೋಲರ್, ಸವೆದಿರಬಹುದು, ಲಾಕ್ ಕಚ್ಚುವ ಕಡೆ ಸಡಿಲ ಇರಬಹುದು. ಹಳೆ ಓಮ್ನಿಯಲ್ಲಿ ಎರಡೂ ಒಟ್ಟಿಗೇ ಇರುವುದು ಜಾಸ್ತಿ.

ಗಾಜೇ ಅಂತಾದರೆ ಟೇಪ್ ಕಿತ್ತು, ಮದುವೆ ಕಾಗದವನ್ನು ಮಡಚಿ ಗಾಜಿಗೂ ಚಾನೆಲ್ಲಿಗೂ ನಡುವೆ ಸಿಕ್ಕಿಸಿ. ಕೆಳಗೆ, ಮೇಲೆ, ಪಕ್ಕಕ್ಕೆ, ಒಂದೊಂದೇ ಜಾಗ. ಎಲ್ಲಿ ಸಿಕ್ಕಿಸಿದಾಗ ಸುಮ್ಮನಾಗುತ್ತದೋ ಅಲ್ಲಿ ಫೆಲ್ಟ್ ಹೋಗಿದೆ.

ಪೆರ್ಲದವ:
ಕೆಳಗಿನ ಚಾನೆಲ್ಲೇ ಅಂತ ನನ್ನ ಪಂಥ. ಮಳೆಗಾಲದಲ್ಲಿ ಅಡಿಕೆ ಮರದ ಕೆಳಗೆ ನಿಲ್ಲಿಸುವ ಗಾಡಿ ಅಲ್ವಾ? ನೀರು ಹೋಗುವ ತೂತಿನಲ್ಲಿ ಕಸ ಕಟ್ಟಿರುತ್ತದೆ. ನೀರು ನಿಲ್ಲುತ್ತದೆ, ಫೆಲ್ಟ್ ಕೊಳೆಯುತ್ತದೆ, ಕೆಳಗೆ ತಗಡು ತುಕ್ಕು ಹಿಡಿಯುತ್ತದೆ. ಹೊಸ ಫೆಲ್ಟ್ ಹಾಕಿ ತೂತು ಹಾಗೇ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಇದೇ ಪುರಾಣ. ಹಿಡಿಸೂಡಿ ಕಡ್ಡಿ ಸಾಕು ತೂತಿಗೆ. ಮೊಳೆ ಹಾಕಬೇಡಿ, ಪೇಂಟ್ ಹೋಗುತ್ತದೆ.

ಅಂದಹಾಗೆ, 1959ರಲ್ಲಿ ಬಂದ ಇಂಗ್ಲೆಂಡಿನ ಮಿನಿ ಕಾರಿಗೂ ಮೊದಲ ಹತ್ತು ವರ್ಷ ಜಾರುವ ಗಾಜೇ. ಗಾಜು ಒಳಗೆ ಇಳಿಯಬೇಕಿಲ್ಲವಲ್ಲ, ಬಾಗಿಲಿನಲ್ಲಿ ಸಾಮಾನು ಇಡಲು ದೊಡ್ಡ ಜಾಗ ಸಿಕ್ಕಿತು. ಆದರೆ ಅದನ್ನು ಸಾಕುವವರ ಗೋಳೂ ಇದೇ, ಫೆಲ್ಟ್ ಮತ್ತು ತುಕ್ಕು.

ಉಪ್ಪಳದ_ಹಳಬ:
ಪೆರ್ಲದವರು ಹೇಳಿದ್ದು ಸರಿ. ಹೊಸ ಫೆಲ್ಟ್ ತರುವಾಗ ಹಳೆಯದರ ಎರಡಿಂಚು ತುಂಡು ಹಿಡಿದುಕೊಂಡೇ ಹೋಗಿ. ಬಾಯಿಮಾತಿನ ಅಳತೆ ನಂಬಬೇಡಿ. ದಪ್ಪ ಇದ್ದಷ್ಟು ಒಳ್ಳೆಯದು ಅಂತಲೂ ಇಲ್ಲ, ಗಾಜು ಸಿಕ್ಕಿಹಾಕಿಕೊಳ್ಳುತ್ತದೆ. ಅಂಟಿಗೆ ರಬ್ಬರ್ ಗಮ್. ಮರಕ್ಕೆ ಹಾಕುವ ಬಿಳಿ ಗಮ್ ನೀರು ತಾಗಿದರೆ ಬಿಟ್ಟುಕೊಳ್ಳುತ್ತದೆ. ಗಾಜು ತೆಗೆಯುವಾಗ ಇಬ್ಬರಿರಿ. ಟಫನ್ಡ್ ಗಾಜು, ಅಂಚಿಗೆ ಪೆಟ್ಟಾದರೆ ಪುಡಿಪುಡಿ. ಅಂಚನ್ನು ಉಜ್ಜಿ ಸರಿ ಮಾಡಲು ಹೋಗಲೇಬೇಡಿ.

ನೀರ್ಚಾಲು_ಓಮ್ನಿ:
ಭಾನುವಾರ ಇಡೀ ಇದೇ ಕೆಲಸ. ಟೇಪ್ ಹಚ್ಚಿದಾಗ ಸದ್ದು ಮುಕ್ಕಾಲು ಹೋಯಿತು. ಮದುವೆ ಕಾಗದ ಕೆಳಗಿನ ಹಿಂದಿನ ಮೂಲೆ ತೋರಿಸಿತು. ಪೆರ್ಲದವರೇ, ನೀವು ಗೆದ್ದಿರಿ. ತೂತಿನಿಂದ ಒಂದು ಮುಷ್ಟಿ ಕೆಸರು ಬಂತು, ಜೊತೆಗೆ ಯಾವ ಕಾಲದ್ದೋ ಕಡಲೆ ಸಿಪ್ಪೆ. ತುಕ್ಕು ತಂತಿ ಬ್ರಶ್ಶಿನಿಂದ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಪೇಂಟ್ ಬಳಿದು, ಒಂದು ದಿನ ಒಣಗಲು ಬಿಟ್ಟು ಫೆಲ್ಟ್ ಕೂರಿಸಿದೆ. ಗಾಜಿನ ಎಣ್ಣೆ ಜಿಡ್ಡನ್ನು ಸೋಪು ನೀರಿನಲ್ಲಿ ಮೂರು ಸಲ ತೊಳೆಯಬೇಕಾಯಿತು. ಗೀರು ಎರಡು ಉಳಿದಿವೆ, ಅದು ನನ್ನದೇ ಕರ್ಮ.

ಈಗ ಗಾಜು ಒಂದೇ ಬೆರಳಿಗೆ ಜಾರುತ್ತದೆ. ಉಳಿದ ಕಾಲು ಭಾಗದ ಸದ್ದು ಬಾಗಿಲಿನ ಕೆಳಗಿನ ರೋಲರಿನದ್ದು, ಕೈಯಿಂದ ಎತ್ತಿದರೆ ಬಾಗಿಲೇ ಆಡುತ್ತದೆ. ರೋಲರ್ ಬದಲಿಸುವಾಗ ಬಾಗಿಲನ್ನು ಪೂರ್ತಿ ಕಳಚಲೇಬೇಕಾ, ಅಥವಾ ಜಾಕ್ ಕೊಟ್ಟು ಎತ್ತಿ ಹಿಡಿದರೆ ಸಾಕಾ?