ಆಗಸ್ಟ್ 15ರ ಮಳೆಯಲ್ಲಿ ಬಾವುಟ ಕಂಬಕ್ಕೇ ಅಂಟಿಕೊಳ್ಳುವುದೇಕೆ?

ಕಾಫಿಹೂ (ಕೊಡಗಿನ ನಾಪೋಕ್ಲು ಕಡೆ)

ಎಲ್ಲರಿಗೂ ನಮಸ್ಕಾರ. ಶಾಲೆಯ ಸ್ವಾತಂತ್ರ್ಯ ದಿನದ ತಯಾರಿಗೆ ಸಲಹೆ ಬೇಕು. ಆಗಸ್ಟ್ ನಡುವಿನಲ್ಲಿ ನಮ್ಮ ಕಡೆ ಮಳೆ ಬಿಡುವು ಕೊಡುವುದು ಅಪರೂಪ, ಗೊತ್ತೇ ಇದೆ. ಕಂಬ 6 ಮೀಟರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಬಾವುಟ 1800 × 1200 ಮಿ.ಮೀ. ಖಾದಿಯದು. ಹಗ್ಗ ಹತ್ತಿಯದು.

ತೊಂದರೆ ಮೂರು. ಹೂವಿನ ಎಸಳು ತುಂಬಿ ಕಟ್ಟಿ ಮೇಲೇರಿಸಿದ ಗಂಟು, ಎಳೆದರೂ ಬಿಚ್ಚುವುದಿಲ್ಲ. ಬಿಚ್ಚಿದರೂ ಬಾವುಟ ಒದ್ದೆ ಟವೆಲ್ಲಿನ ಹಾಗೆ ಕಂಬಕ್ಕೆ ಅಂಟಿ ನಿಲ್ಲುತ್ತದೆ. ಸಂಜೆ ಇಳಿಸುವ ಹೊತ್ತಿಗೆ ಕೇಸರಿ ಬಣ್ಣ ಬಿಳಿ ಪಟ್ಟಿಗೆ ಇಳಿದಿರುತ್ತದೆ.

ಮಕ್ಕಳದ್ದೂ ಒಂದು ಪ್ರಶ್ನೆ ಇದೆ: ಗಾಳಿ ಒಂದೇ ಕಡೆಯಿಂದ ಸಮನಾಗಿ ಬೀಸಿದರೂ ಬಾವುಟ ಹಲಗೆಯ ಹಾಗೆ ನೆಟ್ಟಗೆ ನಿಲ್ಲದೆ ಅಲೆ ಅಲೆಯಾಗಿ ಪಟಪಟಿಸುವುದೇಕೆ? ಇನ್ನು, ಮಳೆಯಲ್ಲಿ ಹಾರಿಸುವುದೇ ತಪ್ಪು ಎಂದು ಕೆಲವರು ಹೇಳುತ್ತಾರೆ. ಅದು ನಿಜವೇ?

ಬ್ರಹ್ಮಗಿರಿ

ಅಂಟಿಕೊಳ್ಳುವುದರ ಲೆಕ್ಕ ಮೊದಲು ನೋಡೋಣ. ನಿಮ್ಮ ಬಾವುಟದ ವಿಸ್ತೀರ್ಣ 1.8 × 1.2 = 2.16 ಚದರ ಮೀಟರ್. ಚದರ ಮೀಟರಿಗೆ ಸುಮಾರು 200 ಗ್ರಾಂ ತೂಗುವ ಬಟ್ಟೆ ಎಂದಿಟ್ಟುಕೊಂಡರೆ ಒಣಗಿದಾಗ 430 ಗ್ರಾಂ. ಖಾದಿ ತನ್ನಷ್ಟೇ ತೂಕದ ನೀರು ಕುಡಿದರೆ 860 ಗ್ರಾಂ. ಜಡಿಮಳೆಗೆ ಇನ್ನೂ ಹೆಚ್ಚೇ ಕುಡಿಯುತ್ತದೆ.

ಬಾವುಟವನ್ನು ಎತ್ತಿ ಹಿಡಿಯುವ ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ತೂಕ ಎರಡು ಪಟ್ಟಾದರೆ ಬೇಕಾಗುವ ಗಾಳಿಯ ವೇಗ ಎರಡು ಪಟ್ಟಲ್ಲ, 1.4 ಪಟ್ಟು. ತೂಕ ಎರಡೂವರೆ ಪಟ್ಟಾದರೆ ಸುಮಾರು 1.6 ಪಟ್ಟು. ಒಣ ಬಾವುಟ ಸೆಕೆಂಡಿಗೆ 4 ಮೀಟರ್ ಗಾಳಿಗೆ ಹಾರುವುದಾದರೆ ಒದ್ದೆಯದಕ್ಕೆ 5.6ರಿಂದ 6.4 ಬೇಕು. ನಮ್ಮ ಗುಡ್ಡದ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಡಿಕೇರಿ ಇರುವ 1,150 ಮೀಟರ್ ಆಸುಪಾಸಿನಲ್ಲಿ ಗಾಳಿಯ ಸಾಂದ್ರತೆ ಕಡಲ ಮಟ್ಟಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ. ಅದೇ ವೇಗದ ಗಾಳಿ ಮಂಗಳೂರಿನಲ್ಲಿ ಕೊಡುವಷ್ಟು ಬಲವನ್ನು ಇಲ್ಲಿ ಕೊಡುವುದಿಲ್ಲ.

ತೂಕವೊಂದೇ ಕಾರಣವೂ ಅಲ್ಲ. ಒದ್ದೆ ಬಟ್ಟೆಯ ಎರಡು ಮಡಿಕೆಗಳ ನಡುವೆ ನೀರಿನ ತೆಳು ಪದರ ನಿಲ್ಲುತ್ತದೆ. ಅದರ ಮೇಲ್ಮೈ ಎಳೆತವೇ ಅಂಟು. ಎರಡು ಗಾಜಿನ ತುಂಡುಗಳ ನಡುವೆ ಒಂದು ಹನಿ ನೀರು ಹಾಕಿ ನೇರವಾಗಿ ಬಿಡಿಸಲು ನೋಡಿದರೆ ಮಕ್ಕಳಿಗೆ ಕೈಯಲ್ಲೇ ಗೊತ್ತಾಗುತ್ತದೆ. ನಯವಾದ ಕಂಬಕ್ಕೂ ಬಟ್ಟೆ ಹೀಗೆಯೇ ಕಚ್ಚಿಕೊಳ್ಳುತ್ತದೆ.

ಈಗ ಅಲೆಗಳ ವಿಚಾರ. ನೆಟ್ಟಗಿರುವ ಬಟ್ಟೆಯಲ್ಲಿ ಕೂದಲೆಳೆಯಷ್ಟು ಉಬ್ಬು ಬಂದರೆ ಸಾಕು, ಉಬ್ಬಿನ ಮೇಲಿಂದ ಹಾಯುವ ಗಾಳಿ ವೇಗವಾಗಿ ಸಾಗಿ ಅಲ್ಲಿ ಒತ್ತಡ ಇಳಿಯುತ್ತದೆ. ಆಚೆ ಬದಿಯ ತಗ್ಗಿನಲ್ಲಿ ಒತ್ತಡ ಏರುತ್ತದೆ. ಎರಡೂ ಸೇರಿ ಉಬ್ಬನ್ನು ಇನ್ನಷ್ಟು ಉಬ್ಬಿಸುತ್ತವೆ. ಬಟ್ಟೆಯ ಬಿಗುವು ಅದನ್ನು ಹಿಂದಕ್ಕೆ ಎಳೆಯುತ್ತದೆ, ಆದರೆ ಬಟ್ಟೆಗೆ ತೂಕವಿರುವುದರಿಂದ ನೆಟ್ಟಗಾದ ಜಾಗದಲ್ಲಿ ನಿಲ್ಲದೆ ಆಚೆ ಬದಿಗೆ ದಾಟಿಬಿಡುತ್ತದೆ. ಅಷ್ಟರಲ್ಲಿ ಗಾಳಿ ಆ ಉಬ್ಬನ್ನು ಬಾಲದ (ಕಂಬದಿಂದ ದೂರವಿರುವ ಅಂಚಿನ) ಕಡೆಗೆ ಒಯ್ದಿರುತ್ತದೆ. ಅದೇ ಅಲೆ. ಗಾಳಿ ಏರುಪೇರಾಗಲೇಬೇಕೆಂದಿಲ್ಲ. 2000ನೇ ಇಸವಿಯಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಹರಿಯುವ ಸೋಪಿನ ಪೊರೆಯೊಳಗೆ ಒಂದು ನೂಲಿನ ಎಳೆ ಇಟ್ಟು ನೋಡಿದರು. ಹರಿವು ಒಂದೇ ಇದ್ದರೂ ಎಳೆ ಒಮ್ಮೆ ನೆಟ್ಟಗೂ ನಿಲ್ಲಬಲ್ಲದು, ಸ್ವಲ್ಪ ಕೆಣಕಿದರೆ ಅಲೆಯತೊಡಗಬಲ್ಲದು.

ಇದರಿಂದ ಒಂದು ವಿಚಿತ್ರ ಫಲವೂ ಉಂಟು. ನೆನೆದ ಬಾವುಟ ಏಳುವುದು ಕಷ್ಟ, ಆದರೆ ಒಮ್ಮೆ ಎದ್ದರೆ ಒಣಗಿದ್ದಕ್ಕಿಂತ ಜೋರಾಗಿ ಬಡಿದುಕೊಳ್ಳುತ್ತದೆ. ತೂಕವೇ ಅಲೆಯನ್ನು ಬೆಳೆಸುತ್ತದೆ. ಭಾಗಮಂಡಲದ ಕಡೆಯ ರಭಸದ ಗಾಳಿಮಳೆಯಲ್ಲಿ ಬಾಲದ ತುದಿಯ ಹೊಲಿಗೆ ಬೇಗ ಕಿತ್ತು ಬರುವುದಕ್ಕೆ ಇದೇ ಕಾರಣ.

ರಾಟೆಹಗ್ಗ

ಕಾಫಿಹೂ ಅವರೇ, ನಿಮ್ಮ ಮೊದಲ ತೊಂದರೆ ಪೂರ್ತಿ ಹಗ್ಗದ್ದು. ಹತ್ತಿಯ ಎಳೆ ನೀರು ಕುಡಿದರೆ ದಪ್ಪಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ. ಹುರಿ ಹಾಕಿದ ಹಗ್ಗದಲ್ಲಿ ಎಳೆಗಳು ಸುರುಳಿ ಸುತ್ತಿರುತ್ತವೆ. ಸುರುಳಿ ದಪ್ಪವಾದಾಗ ಅಷ್ಟೇ ಉದ್ದದ ಎಳೆ ಸುತ್ತು ಹಾಕಲು ಸಾಲದೆ ಹಗ್ಗ ಮೊಟಕಾಗುತ್ತದೆ. ಒಂದೇ ಮಳೆಗೆ ಮೂರು ಕೆಲಸ ಕೆಡುತ್ತದೆ: ಗಂಟು ಬಿಗಿಯುತ್ತದೆ, ಹಗ್ಗ ರಾಟೆಯ ಕೊರಕಲಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕೆಳಗಿನ ಕೊಕ್ಕೆಗೆ ಬಿಗಿಯಾಗಿ ಸುತ್ತಿಟ್ಟಿದ್ದರೆ ಎಲ್ಲ ಕಡೆ ಸೆಟೆದು ನಿಲ್ಲುತ್ತದೆ.

ಹಗ್ಗ ಬದಲಿಸಿ. ಹೆಣೆದ ಪಾಲಿಯೆಸ್ಟರ್ ಹಗ್ಗ, 6 ಮಿ.ಮೀ. ದಪ್ಪ, ಉದ್ದ ಕಂಬದ ಎರಡರಷ್ಟು ಮತ್ತು ಕಟ್ಟಲು 2 ಮೀಟರ್. ನಿಮಗೆ 14 ಮೀಟರ್ ಬೇಕು. ಅಂಗಡಿಯಲ್ಲಿ ಎಲ್ಲವನ್ನೂ ನೈಲಾನ್ ಹಗ್ಗ ಎಂದೇ ಕೊಡುತ್ತಾರೆ, ಆದ್ದರಿಂದ ಒಂದು ತುಂಡನ್ನು ಬಕೆಟ್ ನೀರಿನಲ್ಲಿ ಅದುಮಿ, ಗುಳ್ಳೆಯೆಲ್ಲ ಬಿಟ್ಟ ಮೇಲೆ ನೋಡಿ. ತೇಲಿದರೆ ಅದು ಪಾಲಿಪ್ರೊಪಿಲೀನ್. ಜಾರುತ್ತದೆ, ಗಂಟು ನಿಲ್ಲುವುದಿಲ್ಲ, ಬಿಸಿಲಿಗೆ ಪುಡಿಯಾಗುತ್ತದೆ. ಮುಳುಗಿದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಎರಡು ಕೈಯಲ್ಲಿ ಹಿಡಿದು ಜಗ್ಗಿದಾಗ ರಬ್ಬರಿನಂತೆ ಹಿಗ್ಗುವುದು ನೈಲಾನ್. ಅದು ನೆನೆದರೆ ಇನ್ನೂ ಹಿಗ್ಗುತ್ತದೆ. ರಾಟೆಯ ಕೊರಕಲು ಹಗ್ಗಕ್ಕಿಂತ 2 ಮಿ.ಮೀ. ಅಗಲ ಇರಲಿ. ಕಬ್ಬಿಣದ ರಾಟೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ತಿರುಗುವುದನ್ನು ನಿಲ್ಲಿಸುತ್ತದೆ. ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಹಾಕಿಸಿ.

ಗಂಟಿನ ವಿಚಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚು ಕಡೆ ತಪ್ಪುವುದು ಇಲ್ಲೇ. ಜಾರುಗಂಟಿನಲ್ಲಿ ಹಗ್ಗದ ಒಂದು ಮಡಿಕೆಯನ್ನು ಸುತ್ತಿನ ಅಡಿಗೆ ತೂರಿಸುತ್ತೇವಲ್ಲ, ಆ ಮಡಿಕೆ ಕೆಳಗೆ ಎಳೆಯುವವರ ಕೈಗೆ ಬರುವ ಹಗ್ಗದಿಂದ ಆಗಿರಬೇಕು. ಆಗ ಎಳೆದ ಕೂಡಲೇ ಅದೇ ಮಡಿಕೆ ಜಾರಿ ಹೊರಬರುತ್ತದೆ. ಬಾವುಟದ ಕಡೆಯ ಹಗ್ಗದಿಂದ ಮಡಿಕೆ ಮಾಡಿದ್ದರೆ ನೋಡಲು ಗಂಟು ಹಾಗೇ ಕಾಣುತ್ತದೆ, ಎಳೆದಷ್ಟೂ ಬಿಗಿಯುತ್ತದೆ. ಸುತ್ತು ಒಂದೇ ಸಾಕು. ಭದ್ರವಾಗಲಿ ಎಂದು ಎರಡನೆಯ ಸುತ್ತು ಹಾಕಬೇಡಿ. ಹಿಂದಿನ ದಿನ ಬೇರೆ ಹಳೆಯ ಬಟ್ಟೆಯನ್ನು ಅದೇ ಅಳತೆಗೆ ಮಡಿಸಿ ಕಟ್ಟಿ, ಒಂದು ಚೊಂಬು ನೀರು ಸುರಿದು, ಅರ್ಧ ಗಂಟೆ ಬಿಟ್ಟು ಎಳೆದು ನೋಡಿ. ಒಂದು ಕೈಯ ಎಳೆತಕ್ಕೆ ಬಿಚ್ಚಬೇಕು. ಒಣ ಹಗ್ಗದಲ್ಲಿ ಮಾಡಿದ ಅಭ್ಯಾಸಕ್ಕೆ ನಮ್ಮ ಆಗಸ್ಟಿನಲ್ಲಿ ಬೆಲೆ ಇಲ್ಲ.

ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಬೇರೆಯೇ. ಕೊಡಗಿನಲ್ಲಿ ಆಗಸ್ಟ್ 15ಕ್ಕೆ ಗಂಟೇ ಬೇಡ. ಮೇಲೆ ಕಟ್ಟಿಟ್ಟು ಬಿಚ್ಚುವುದು ಜನವರಿ 26ರ ಪದ್ಧತಿ. ಸ್ವಾತಂತ್ರ್ಯ ದಿನದಂದು ಬಾವುಟ ಕೆಳಗಿನಿಂದ ಮೇಲಕ್ಕೆ ಏರಬೇಕು, ಆರೋಹಣ ಎನ್ನುವ ಮಾತಿನಲ್ಲೇ ಅದಿದೆ. ಬಾವುಟವನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದ್ದಂತೆಯೇ ಕಂಬದ ಬುಡಕ್ಕೆ ತನ್ನಿ. ಒಬ್ಬರು ಕೊಡೆ ಹಿಡಿಯಲಿ. ಕೇಸರಿ ಮೇಲೆ ಇದೆಯೇ ಎಂದು ಇಬ್ಬರು ನೋಡಿ, ಮೇಲ್ತುದಿ ಕೆಳತುದಿ ಎರಡನ್ನೂ ಹಗ್ಗಕ್ಕೆ ಸಿಕ್ಕಿಸಿ, ಬಟ್ಟೆ ನೆಲಕ್ಕೆ ತಾಗದಂತೆ ಕೈಮೇಲೆ ಹಿಡಿದು, ಬಿಚ್ಚಿದಂತೆಯೇ ಚುರುಕಾಗಿ ಏರಿಸಿ. 6 ಮೀಟರ್ ಏರಲು ಹತ್ತು ಸೆಕೆಂಡು ಸಾಕು. ಒಣಗಿದ ಬಾವುಟ ಪೂರ್ತಿ ನೆನೆಯುವ ಮೊದಲೇ ಗಾಳಿಗೆ ಬಿಚ್ಚಿಕೊಂಡಿರುತ್ತದೆ. ಸುತ್ತಿ ಕಟ್ಟಿ ಬೆಳಿಗ್ಗೆ ಆರಕ್ಕೇ ಮೇಲೇರಿಸಿಟ್ಟರೆ ಎಂಟೂವರೆಯ ಹೊತ್ತಿಗೆ ಮಡಿಕೆ ಮಡಿಕೆಯೂ ನೆನೆದು ಮುದ್ದೆಯಾಗುತ್ತದೆ, ಎಸಳು ಅರೆದು ಬಿಳಿ ಪಟ್ಟಿಗೆ ಕಲೆ ಮಾಡುತ್ತದೆ. ಹೂವನ್ನು ಮಕ್ಕಳ ಕೈಗೆ ಕೊಟ್ಟು ಕಂಬದ ಬುಡದಲ್ಲಿ ಹಾಕಿಸಿದರೆ ಆಯಿತು.

ಬಾವುಟದ ಅಳತೆಯನ್ನೂ ಒಂದು ಮೆಟ್ಟಿಲು ಇಳಿಸಿ ನೋಡಿ. 1350 × 900 ಮಿ.ಮೀ. ಕೂಡ ಧ್ವಜ ಸಂಹಿತೆಯಲ್ಲಿ (ಬಾವುಟದ ಸರ್ಕಾರಿ ನಿಯಮಾವಳಿಯಲ್ಲಿ) ಇರುವ ಅಳತೆಯೇ. ವಿಸ್ತೀರ್ಣ ನಿಮ್ಮದರ ಶೇ. 56, ಹೊರುವ ನೀರೂ ಅಷ್ಟಕ್ಕೇ ಇಳಿಯುತ್ತದೆ, ಕಂಬದ ಮೇಲಿನ ಎಳೆತವೂ. ಶಾಲೆಯ ಪಡುವಣ ಬದಿಗೆ ತೋಟದ ಸಿಲ್ವರ್ ಓಕ್ ಸಾಲು ಇದ್ದರೆ ಕಂಬ ಅದರ ಮರೆಗೆ ಬೀಳುತ್ತದೆ. ಮುಂಗಾರಿನ ಗಾಳಿ ಬರುವುದು ಆ ಕಡೆಯಿಂದಲೇ. ಮರದ ಎತ್ತರದ ಹಲವು ಪಟ್ಟು ದೂರದವರೆಗೂ ಗಾಳಿ ಕುಗ್ಗಿರುತ್ತದೆ. ಹೊಸ ಕಂಬ ನೆಡುವಾಗ ಇದನ್ನು ನೋಡಿಕೊಳ್ಳಿ.

ನೂಲುಬಣ್ಣ

ಬಣ್ಣ ಇಳಿಯುವುದಕ್ಕೆ ಮಳೆಯನ್ನು ದೂರಿ ಫಲವಿಲ್ಲ, ಅದು ಬಣ್ಣ ಹಾಕಿದ ರೀತಿಯ ದೋಷ. ಹತ್ತಿಗೆ ವ್ಯಾಟ್ ಬಣ್ಣ ಹಾಕಿದರೆ ಅದು ಎಳೆಯ ಒಳಗೆ ಹೋಗಿ ನೀರಿನಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ, ಹೊರಗೆ ಬರುವುದಿಲ್ಲ. ಅಗ್ಗದ ಡೈರೆಕ್ಟ್ ಬಣ್ಣ ಎಳೆಗೆ ಸಡಿಲವಾಗಿ ಅಂಟಿರುತ್ತದೆ, ನೀರು ಸಿಕ್ಕರೆ ಹೊರಟಿತು. ಕೇಸರಿ ಮೇಲಿರುವುದರಿಂದ ಅದರ ನೀರು ಬಿಳಿಗೇ ಹರಿಯುತ್ತದೆ. ಹಸಿರು ಕೆಳಗಿದ್ದು ಹರಿದು ನೆಲಕ್ಕೆ ಹೋಗುತ್ತದೆ, ಆದರೆ ಒದ್ದೆಯನ್ನೇ ಮಡಿಸಿಟ್ಟರೆ ಅದೂ ಬಿಳಿಗೆ ಹತ್ತುತ್ತದೆ.

ಕೊಳ್ಳುವಾಗಲೇ ಪರೀಕ್ಷೆ ಮಾಡಿ. ಕೇಸರಿ ಮೂಲೆಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಬಿಳಿ ಹತ್ತಿ ಬಟ್ಟೆಯ ಎರಡು ತುಂಡುಗಳ ನಡುವೆ ಇಟ್ಟು, ಮೇಲೆ ತೂಕ ಹೇರಿ ಅರ್ಧ ಗಂಟೆ ಬಿಡಿ. ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಹಸಿರಿಗೂ ನೀಲಿ ಚಕ್ರಕ್ಕೂ ಹಾಗೇ. ಉಪ್ಪು ನೀರಿನಲ್ಲಿ ನೆನೆಸಿದರೆ, ವಿನಿಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಬೇಡಿ. ಉಪ್ಪು ಬಣ್ಣ ಹಾಕುವ ಹೊತ್ತಿನಲ್ಲಿ ಅದನ್ನು ಎಳೆಯತ್ತ ತಳ್ಳುತ್ತದೆ, ಮುಗಿದ ಬಟ್ಟೆಯಲ್ಲಿ ಏನೂ ಮಾಡುವುದಿಲ್ಲ. ವಿನಿಗರ್ ಉಪಯೋಗಕ್ಕೆ ಬರುವುದು ಉಣ್ಣೆ, ರೇಷ್ಮೆಗೆ ಹಾಕುವ ಆಮ್ಲ ಬಣ್ಣಗಳಿಗೆ.

ಖಾದಿ ನೆನೆದರೆ ಹರಿಯುತ್ತದೆ ಎಂಬುದೂ ತಪ್ಪು. ಹತ್ತಿಯ ನೂಲು ಒದ್ದೆಯಾದಾಗ ಒಣಗಿದ್ದಕ್ಕಿಂತ ಗಟ್ಟಿ. ಅದನ್ನು ಕೊಲ್ಲುವುದು ಬೂಷ್ಟು. ಇಳಿಸಿದ ಮೇಲೆ ಹಿಂಡಬೇಡಿ. ಒಣ ಟವೆಲ್ಲುಗಳ ನಡುವೆ ಒತ್ತಿ ನೀರು ತೆಗೆದು, ಒಳಮನೆಯಲ್ಲಿ ಅಗಲವಾಗಿ ತೂಗುಹಾಕಿ ಫ್ಯಾನ್ ಹಾಕಿ. ನಮ್ಮ ಹವೆಯಲ್ಲಿ ಒಂದು ದಿನ ಸಾಲದು, ಎರಡು ದಿನ ಹಿಡಿಯುತ್ತದೆ. ಒಲೆಯ ಮೇಲೆ ಬಟ್ಟೆ ಒಣಗಿಸುವಂತೆ ಇದನ್ನು ಒಣಗಿಸಲು ಹೋಗಬೇಡಿ, ಹೊಗೆ ಬಿಳಿಯನ್ನು ಕಂದಿಸುತ್ತದೆ. ಕೊನೆಗೆ ಇಸ್ತ್ರಿ ಮಾಡಿದರೆ ಒಳಗುಳಿದ ತೇವವೂ ಹೋಗುತ್ತದೆ. ಮಡಿಸುವಾಗ ಕೇಸರಿ ಮತ್ತು ಹಸಿರನ್ನು ಬಿಳಿಯ ಅಡಿಗೆ ಮಡಿಸಿ, ಬಿಳಿಯನ್ನು ಎರಡೂ ಕಡೆಯಿಂದ ಒಳಕ್ಕೆ ಮಡಿಸಿ, ಚಕ್ರ ಮೇಲೆ ಕಾಣುವಂತೆ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೂಷ್ಟಿನ ಕಪ್ಪು ಚುಕ್ಕಿ ಬಂದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಚುಕ್ಕಿಯ ಜೊತೆ ಬಣ್ಣವೂ ಹೋಗುತ್ತದೆ.

ಸಂಹಿತೆ_ಓದುಗ

ಮಳೆಯಲ್ಲಿ ಹಾರಿಸುವುದು ತಪ್ಪಲ್ಲ. 2002ರ ಜನವರಿ 26ರಿಂದ ಜಾರಿಗೆ ಬಂದ ಭಾರತೀಯ ಧ್ವಜ ಸಂಹಿತೆಯಲ್ಲಿ, ಹವಾಮಾನ ಹೇಗೇ ಇರಲಿ, ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಹಾರಿಸುವ ಮಾತೇ ಇದೆ. 2022ರ ಜುಲೈ ತಿದ್ದುಪಡಿಯ ನಂತರ ಬಯಲಿನಲ್ಲಿ ಮತ್ತು ಮನೆಗಳ ಮೇಲೆ ರಾತ್ರಿಯೂ ಹಾರಿಸಬಹುದು. 2021ರ ಡಿಸೆಂಬರ್ 30ರ ತಿದ್ದುಪಡಿ ಪಾಲಿಯೆಸ್ಟರಿಗೂ ಯಂತ್ರದಲ್ಲಿ ಮಾಡಿದ್ದಕ್ಕೂ ಒಪ್ಪಿಗೆ ಕೊಟ್ಟಿದೆ. ಪಾಲಿಯೆಸ್ಟರ್ ಎಳೆ ನೀರು ಕುಡಿಯುವುದೇ ಇಲ್ಲ ಎನ್ನಬಹುದು, ನೀರು ಎಳೆಗಳ ನಡುವೆ ಮಾತ್ರ ನಿಲ್ಲುತ್ತದೆ, ಗಾಳಿಗೆ ಬೇಗ ಉದುರುತ್ತದೆ. ಆದರೂ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟಕ್ಕೆ ಹೊಲಿದ ಬಾವುಟ ನಮ್ಮದೇ ರಾಜ್ಯದ ಕೈಗಳ ಕೆಲಸ. ಸಮಾರಂಭಕ್ಕೆ ಅದನ್ನೇ ಏರಿಸಿ ಎಂಬುದು ನನ್ನ ಆಸೆ. ದಿನವೂ ಹಾರಿಸುವವರು ಮಳೆಗಾಲಕ್ಕೆ ಪಾಲಿಯೆಸ್ಟರ್ ಇಟ್ಟುಕೊಳ್ಳಲಿ.

ಕಾಫಿಹೂ

ತುಂಬಾ ಉಪಕಾರವಾಯಿತು. ಗಂಟು ಬಿಟ್ಟು ಕೆಳಗಿನಿಂದಲೇ ಏರಿಸುತ್ತೇವೆ. ಇನ್ನೊಂದೇ ಒಂದು: ಈಗಿರುವ ಬಾವುಟದ ಬಾಲದ ಅಂಚು ಎರಡು ಬೆರಳಷ್ಟು ಪಿಸಿದಿದೆ. ಅಷ್ಟನ್ನು ಕತ್ತರಿಸಿ ಮತ್ತೆ ಹೊಲಿದರೆ ನಡೆಯುತ್ತದೆಯೇ?

ಸಂಹಿತೆ_ಓದುಗ

ಬೇಡ. ಉದ್ದ ಅಗಲ 3:2 ಇರಲೇಬೇಕು. 1800ರಲ್ಲಿ 40 ಮಿ.ಮೀ. ಕತ್ತರಿಸಿದರೆ ಅನುಪಾತ ಕೆಡುತ್ತದೆ, ಚಕ್ರವೂ ನಡುವಿನಿಂದ 20 ಮಿ.ಮೀ. ಸರಿದುಹೋಗುತ್ತದೆ. ಹರಿದದ್ದು, ಕಲೆಯಾದದ್ದು ಏರಿಸುವಂತಿಲ್ಲ. ಅದನ್ನು ಕಸಕ್ಕೆ ಹಾಕದೆ, ಒರೆಸುವ ಬಟ್ಟೆ ಮಾಡದೆ, ಜನರ ಕಣ್ಣಿನಿಂದ ದೂರ, ಇಡಿಯಾಗಿ, ಗೌರವದಿಂದ ಸುಡುವುದು ಲೇಸು. ಪೂರ್ತಿ ಒಣಗಿಸಿಯೇ ಸುಡಿ, ತೇವವಿದ್ದರೆ ಅರೆಬೆಂದು ಉಳಿಯುತ್ತದೆ.

ರಾಟೆಹಗ್ಗ

ಹೊಸದು ತಂದ ದಿನವೇ ಬಾಲದ ಮೇಲಿನ ಕೆಳಗಿನ ಎರಡು ಮೂಲೆಗಳ ಮಡಿಕೆಯ ಮೇಲೆ ಅದೇ ಬಣ್ಣದ ಪಾಲಿಯೆಸ್ಟರ್ ನೂಲಿನಲ್ಲಿ ಇನ್ನೊಂದು ಸಾಲು ಹೊಲಿಗೆ ಹಾಕಿಸಿ. ಪಿಸಿಯುವುದು ಶುರುವಾಗುವುದು ಆ ಮೂಲೆಗಳಿಂದಲೇ.